ಯಾರ ಕಾಲಿನ ಅಳತೆ

ಕೋಲಾರ ಚಿನ್ನದ ಗಣಿಗಳ (ಕೆಜಿಎಫ್) ಚಾಂಪಿಯನ್ ರೀಫ್ಸ್‌ನಲ್ಲಿ ನೆಲ ನಾಲ್ಕು ಹೆಜ್ಜೆಗೊಮ್ಮೆ ಬದಲಾಗುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ‘ಚಾಂಪಿಯನ್’ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಇಳಿದ ಕೂಡಲೇ ಹಳಿಯ ಜಲ್ಲಿ. ಅದನ್ನು ದಾಟಿದರೆ ಗಣಿ ಕಾರ್ಮಿಕರ ಲೈನ್ ಮನೆಗಳ ನಡುವೆ ಸವೆದು ನುಣುಪಾದ ಕಲ್ಲುಹಾಸು. ಲೈನು ಮುಗಿದ ಕಡೆ, ಭೂಮಿಯ ಹೊಟ್ಟೆಯಿಂದ ಮೇಲೆತ್ತಿ ಸುರಿದ ಕರಿಗಲ್ಲಿನ ಚೂರುಗಳು. ಒಂದೊಂದಕ್ಕೂ ಚೂಪಾದ ಅಂಚು. ಅದರ ನಡುವೆ ಬಳ್ಳಾರಿ ಜಾಲಿ, ಒಣಗಿ ಬಿದ್ದ ಅದರ ಮುಳ್ಳು. ಇನ್ನೂ ಆಚೆಗೆ ಬೂದು ಬಣ್ಣದ ಸೈನೈಡ್ ದಿಬ್ಬಗಳು. ಅಲ್ಲಿಯ ಮಣ್ಣು ರಾಗಿ ಹಿಟ್ಟಿನಷ್ಟು ನಯ.

ಈ ದಿಬ್ಬಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ದೂರದಿಂದ ನೋಡಿದವರಿಗೆ ಹತ್ತಬೇಕು ಅನಿಸುತ್ತದೆ. ಮಳೆ ನೀರು ಕೊರೆದ ಕಮರಿಗಳು, ಮೇಲೆ ಚಪ್ಪಟೆ ಬಯಲು, ಸಿನಿಮಾದವರು ಬಂದು ಚಿತ್ರೀಕರಣ ಮಾಡಿದ ಜಾಗಗಳು. ಆದರೆ ಅದು ಬೆಟ್ಟವಲ್ಲ. ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಗಸಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದದ್ದು. ಬೇಸಿಗೆಯ ಗಾಳಿ ಎದ್ದಾಗ ಅದರ ದೂಳು ಸುತ್ತಲಿನ ಮನೆಗಳ ಒಳಗೆ ಬರುತ್ತದೆ, ಅಲ್ಲಿನ ಜನ ವರ್ಷವರ್ಷ ಅದನ್ನು ಉಸಿರಾಡುತ್ತಾರೆ. ನಾವು ಹವ್ಯಾಸಕ್ಕೆ ಹೋಗಿ ಆ ದೂಳನ್ನು ತುಳಿದು ಎಬ್ಬಿಸುವುದು ಸರಿಯಲ್ಲ. ನಡೆಯುವ ಆಸೆಯಿದ್ದವರಿಗೆ ಕೋಲಾರ ಜಿಲ್ಲೆಯಲ್ಲಿ ಬೆಟ್ಟಗಳಿಗೇನೂ ಕೊರತೆಯಿಲ್ಲ.

ಅಂತರಗಂಗೆ, ತೇರಹಳ್ಳಿ, ಆವಣಿ, ಕಾಮಸಮುದ್ರದ ಕಡೆಯ ಕಾಡಂಚು. ಎಲ್ಲವೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆಗೆ ಮರಳಬಹುದಾದ ನಡಿಗೆಗಳು. ರಾಬರ್ಟ್‌ಸನ್‌ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ಒಂದು ಚಳಿಗಾಲದಲ್ಲಿ ಇವನ್ನೆಲ್ಲ ಒಂದೊಂದಾಗಿ ನಡೆಯಬೇಕೆಂದು ಹೊರಟಿದ್ದೆ. ಅದಕ್ಕೆ ಮೊದಲು ಬೇಕಾಗಿದ್ದದ್ದು ಕಾಲಿಗೆ ಒಪ್ಪುವ ಒಂದು ಜೊತೆ ಬೂಟು.

ಬೂಟಿನ ವಿಷಯ ಕೇಳಬೇಕಾದರೆ ಗಣಿಯವರನ್ನೇ ಕೇಳು ಎಂದು ಚಿಕ್ಕಪ್ಪ ಚಾಂಪಿಯನ್ ರೀಫ್ಸ್‌ನ ಒಂದು ಲೈನ್ ಮನೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ತಾತ ಅಂಡರ್‌ಗ್ರೌಂಡಿನಲ್ಲಿ ಬಹುಕಾಲ ದುಡಿದವರು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದಾಗ ಅವರಿಗೆ ಇನ್ನೂ ಸರ್ವೀಸು ಉಳಿದಿತ್ತು. ಮನೆಮಾತು ತಮಿಳು, ನನ್ನೊಡನೆ ಕೋಲಾರದ ಕನ್ನಡ. ಬಾಗಿಲ ಬಳಿ ಬಿಟ್ಟಿದ್ದ ನನ್ನ ಹಳೆಯ ಶೂಗಳನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಅಟ್ಟೆ ನೋಡಿದರು.

“ಹೊರಗಡೆ ಅಂಚಲ್ಲಿ ಸವೆದೈತೆ. ಎಡಗಾಲಿಂದು ಜಾಸ್ತಿ. ಇಳಿಜಾರಲ್ಲಿ ನಿಮಗೆ ಎಡ ಮಂಡಿ ನೋಯುತ್ತೆ, ಅಲ್ವಾಮ್ಮಾ?”

ನೋಯುತ್ತಿತ್ತು. ಆ ಸಂಜೆ ಅವರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಇಲ್ಲಿ ಬರೆದರೂ ಸಾಕು: “ಹತ್ತೋವಾಗ ಹಿಮ್ಮಡಿ ನೋಡ್ಕೊಳ್ಳಿ, ಇಳಿಯೋವಾಗ ಬೆರಳು ನೋಡ್ಕೊಳ್ಳಿ. ಎರಡೂ ಸುಮ್ಮನಿದ್ರೆ ಬೂಟು ನಿಮ್ದು.”

ಅವರ ತಾತ ಬರಿಗಾಲಲ್ಲೇ ಗಣಿಗೆ ಇಳಿಯುತ್ತಿದ್ದರಂತೆ. ಇಪ್ಪತ್ತನೇ ಶತಮಾನದ ಆರಂಭದ ಕೆಜಿಎಫ್ ಫೋಟೋಗಳನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ತಲೆಗೆ ಬಟ್ಟೆ ಸುತ್ತಿ, ಕಾಲಿಗೆ ಏನೂ ಇಲ್ಲದೆ ನಿಂತ ಕಾರ್ಮಿಕರು. ಪಕ್ಕದಲ್ಲಿ ಮೊಣಕಾಲವರೆಗೆ ಬೂಟು ತೊಟ್ಟ ಇಂಗ್ಲಿಷ್ ಮೇಲ್ವಿಚಾರಕರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಅದರ ಕೆಲವೇ ವರ್ಷಗಳಲ್ಲಿ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಷ್ಟು ದೂರದಿಂದ ತಂತಿಯ ಮೇಲೆ ಹರಿದು ಈ ಗಣಿಗಳನ್ನು ತಲುಪಿತು. ಯಂತ್ರ ಬಂತು, ಬೆಳಕು ಬಂತು. ಕಾರ್ಮಿಕನ ಕಾಲಿಗೆ ಕಡ್ಡಾಯವಾಗಿ ರಕ್ಷಣೆ ಇರಬೇಕು ಎಂಬುದು ಬರಹದ ನಿಯಮವಾಗಿ ಬಂದದ್ದು ಬಹಳ ತಡವಾಗಿ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ, ಒಪ್ಪಿಗೆ ಪಡೆದ ಪಾದರಕ್ಷೆ ತೊಡದೆ ಯಾರೂ ಗಣಿಯೊಳಗೆ ಹೋಗುವಂತಿಲ್ಲ ಎಂಬ ಮಾತಿದೆ. ಆ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ಆಳದತ್ತ ಸಾಗಿ, ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು.

ಈ ತಾತನ ಕಾಲದಲ್ಲಿ ಗಂಬೂಟು ಇತ್ತು, ಮುಂದೆ ಉಕ್ಕಿನ ಟೋಪಿಯಿದ್ದ ತೊಗಲಿನ ಬೂಟೂ ಇತ್ತು. ಆ ಆಳದಲ್ಲಿ ಬಂಡೆಯೇ ಬಿಸಿ. ಡ್ರಿಲ್ಲಿಗೆ ಬಿಡುವ ನೀರು ಕೆಳಗೆ ಕೆಸರಾಗುತ್ತದೆ. ಗಂಬೂಟಿನೊಳಗೆ ಬೆವರು ನಿಂತು ಪಾದ ಬೆಳ್ಳಗೆ ಸುಕ್ಕುಗಟ್ಟುತ್ತಿತ್ತು, ತೊಗಲಿನದು ನೆನೆದು ಒಣಗಿ ಬಿರುಸಾಗುತ್ತಿತ್ತು. ಸೈಜು ದೊಡ್ಡದಾದರೆ ಹಳೆ ಪಂಚೆ ಹರಿದು ಪಾದಕ್ಕೆ ಸುತ್ತಿಕೊಳ್ಳುವುದು, ಚಿಕ್ಕದಾದರೆ ರಾತ್ರಿಯೆಲ್ಲ ಒದ್ದೆ ಕಾಗದ ತುರುಕಿ ಹಿಗ್ಗಿಸುವುದು. “ಇವೆಲ್ಲ ನಮ್ಮ ಕಾಲು ನೋಡಿ ಮಾಡಿದ್ದಲ್ಲ ತಾಯಿ. ಕಾಲೇ ಅದಕ್ಕೆ ಒಗ್ಗಬೇಕು” ಎಂದರು.

ನಾನು ಅಲ್ಲಿಂದ ಎದ್ದು ಬಂದಾಗ ಈ ಮಾತು ನನ್ನ ಹುಡುಕಾಟದ ದಿಕ್ಕನ್ನೇ ತಿರುಗಿಸಿತ್ತು. ಯಾವ ಬೂಟು ಒಳ್ಳೆಯದು ಎಂದು ಕೇಳುತ್ತಿದ್ದವಳು, ಈ ಬೂಟನ್ನು ಯಾರ ಕಾಲು ಅಳೆದು ಮಾಡಿದ್ದಾರೆ ಎಂದು ಕೇಳತೊಡಗಿದೆ. ಹೆಣ್ಣಿನ ಕಾಲಿಗಂತೂ ಈ ಪ್ರಶ್ನೆ ಇನ್ನೂ ಹರಿತ. 1952ರ ಗಣಿ ಕಾಯಿದೆ ಹೆಂಗಸರು ನೆಲದಡಿಯ ಕೆಲಸಕ್ಕೆ ಇಳಿಯುವುದನ್ನೇ ನಿಷೇಧಿಸಿತ್ತು. ಅದು ಷರತ್ತುಗಳೊಂದಿಗೆ ಸಡಿಲವಾದದ್ದು 2019ರಲ್ಲಿ, ಕೆಜಿಎಫ್ ಮುಚ್ಚಿ ಹದಿನೆಂಟು ವರ್ಷವಾದ ಮೇಲೆ. ಬೂಟಿನ ಊರಾದ ಕೆಜಿಎಫ್‌ನಲ್ಲಿ ಹೆಂಗಸಿನ ಅಳತೆಯ ಗಟ್ಟಿ ಬೂಟನ್ನು ಯಾರೂ ಕೇಳಿರಲಿಲ್ಲ.

ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್ ಸುತ್ತಮುತ್ತ ಚಪ್ಪಲಿ ಅಂಗಡಿಗಳು ಬೇಕಾದಷ್ಟಿವೆ. ಬೆಮೆಲ್ ಕಾರ್ಖಾನೆಯ ಊರಾದ್ದರಿಂದ ಸೇಫ್ಟಿ ಶೂ ಎಲ್ಲೆಲ್ಲೂ ಸಿಗುತ್ತದೆ. ನಮ್ಮ ಕಡೆಯ ಹುಡುಗರು ಅದನ್ನೇ ತೊಟ್ಟು ಬೆಟ್ಟ ಹತ್ತುವುದನ್ನೂ ನೋಡಿದ್ದೇನೆ. ಅದು ಕೆಲಸದ ಶೂ. ಅದರ ಮುಂಭಾಗದ ಉಕ್ಕಿನ ಟೋಪಿ 200 ಜೌಲ್ ಹೊಡೆತ ತಡೆಯಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋ ತೂಕದ ವಸ್ತು ಒಂದು ಮೀಟರ್ ಎತ್ತರದಿಂದ ಬೆರಳ ಮೇಲೆ ಬಿದ್ದರೂ ಜಜ್ಜಬಾರದು. ಕಾರ್ಖಾನೆಯಲ್ಲಿ ಅದು ಕಾಲು ಉಳಿಸುತ್ತದೆ. ಕಡಿದಾದ ಬಂಡೆಯಲ್ಲಿ ಇಳಿಯುವಾಗ ಅದೇ ಉಕ್ಕಿಗೆ ಹೆಬ್ಬೆರಳು ಬಡಿಯುತ್ತದೆ. ಭಾರವೂ ಹೆಚ್ಚು. ಬೆನ್ನ ಮೇಲಿನ ತೂಕಕ್ಕಿಂತ ಪಾದದ ಮೇಲಿನ ತೂಕ ನಾಲ್ಕರಿಂದ ಆರು ಪಟ್ಟು ದಣಿಸುತ್ತದೆ ಎಂದು ಅಮೆರಿಕದ ಸೇನೆಯ ಸಂಶೋಧಕರು 1969ರಲ್ಲೇ ಅಳೆದು ತೋರಿಸಿದ್ದರು. ದಿನವಿಡೀ ಸಾವಿರಾರು ಸಲ ಎತ್ತಿ ಇಡುವ ಕಾಲಿಗೆ ಇನ್ನೂರು ಗ್ರಾಂ ಉಳಿದರೂ ಸಂಜೆಗೆ ಗೊತ್ತಾಗುತ್ತದೆ.

ಹಸಿರು ಕ್ಯಾನ್ವಾಸಿನ ಹಂಟರ್ ಶೂಗಳಿದ್ದವು. ಹಗುರ, ಅಗ್ಗ, ಮುಳ್ಳಿನ ಕಾಡಿಗೆ ತಕ್ಕವು. ಆದರೆ ಅಟ್ಟೆ ತೆಳು, ಚೂಪುಗಲ್ಲಿನ ಮೇಲೆ ಅಂಗಾಲು ಪ್ರತಿ ಕಲ್ಲನ್ನೂ ಎಣಿಸುತ್ತದೆ. ಬೆಂಗಳೂರಿನ ದೊಡ್ಡ ಮಳಿಗೆಗಳಿಗೂ ಹೋಗಿಬಂದೆ. ಅಲ್ಲಿ ಹೈಕಿಂಗ್ ಬೂಟುಗಳದೇ ಒಂದು ಗೋಡೆ. ಹೆಚ್ಚಿನವಕ್ಕೆ ನೀರು ಒಳಗೆ ಬಾರದಂತೆ ತಡೆಯುವ ಪೊರೆ ಹಾಕಿದ್ದಾರೆ, ಬೆಲೆಯೂ ಅದಕ್ಕೆ. ಕೊಡಚಾದ್ರಿಯ ಜಡಿಮಳೆಗೆ ಅದು ಬೇಕಾದೀತು. ಸದಾ ಹರಿಯುವ ಒಂದು ನದಿಯೂ ಇಲ್ಲದ, ಬಂಡೆ ಕಾದು ಬಿಸಿಯುಗುಳುವ ನಮ್ಮ ಜಿಲ್ಲೆಯಲ್ಲಿ ಆ ಪೊರೆ ಒಳಗಿನ ಬೆವರನ್ನೂ ಸರಿಯಾಗಿ ಹೊರಗೆ ಬಿಡುವುದಿಲ್ಲ. ಒದ್ದೆಯಾದ ಚರ್ಮ ಬೇಗ ಉಜ್ಜಿ ಬೊಬ್ಬೆ ಏಳುತ್ತದೆ. ಕೋಲಾರಕ್ಕೆ ಬೇಕಾದ್ದು ಗಾಳಿಯಾಡುವ ಬೂಟು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇನ್ನೂ ದೊಡ್ಡ ತೊಡಕು ಅಗಲದ್ದು. ಉದ್ದಕ್ಕೆ ಸರಿಹೋದದ್ದು ಕಿರುಬೆರಳನ್ನು ಒತ್ತುತ್ತಿತ್ತು, ಅಗಲಕ್ಕೆ ಸರಿಹೋದದ್ದರಲ್ಲಿ ಹಿಮ್ಮಡಿ ಎದ್ದು ಕೂರುತ್ತಿತ್ತು. ಇದು ನನ್ನೊಬ್ಬಳ ಕಾಲಿನ ದೋಷವೇನಲ್ಲ. ನಾವು ಇಂದಿಗೂ ಕೊಳ್ಳುವುದು ಬ್ರಿಟಿಷರು ತಂದ ಸೈಜುಗಳಲ್ಲಿ, ಇಲ್ಲವೇ ಯುರೋಪು, ಅಮೆರಿಕದ ಅಳತೆಗಳಲ್ಲಿ. ಚೆನ್ನೈನಲ್ಲಿರುವ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಕೊನೆಯಿಂದ 2022ರ ಆರಂಭದವರೆಗೆ ದೇಶದ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮದ ಯಂತ್ರಗಳಲ್ಲಿ ಅಳೆಯಿತು. ಭಾರತೀಯರ ಪಾದ ಮುಂಭಾಗದಲ್ಲಿ ಹೆಚ್ಚು ಅಗಲ, ಹಾಗಾಗಿ ಜನ ಅಗಲಕ್ಕಾಗಿ ಬೇಕಾದ್ದಕ್ಕಿಂತ ಉದ್ದದ ಶೂ ಕೊಳ್ಳುತ್ತಿದ್ದಾರೆ ಎಂಬುದು ಅದರಲ್ಲಿ ಕಂಡ ಸಂಗತಿ. ಹೆಣ್ಣುಮಕ್ಕಳ ಪಾದ ಹನ್ನೊಂದರ ಆಸುಪಾಸಿಗೇ ಬೆಳೆದು ನಿಲ್ಲುತ್ತದೆ, ಗಂಡುಮಕ್ಕಳದು ಹದಿನೈದು ಹದಿನಾರಕ್ಕೆ. ಈ ಅಳತೆಗಳಿಂದ ‘ಭಾ’ ಎಂಬ ಹೊಸ ಸೈಜು ಪದ್ಧತಿಯನ್ನು ರೂಪಿಸಿದ ಸುದ್ದಿ 2024ರಲ್ಲಿ ಬಂತು. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ದಾಟಿದ ಮೇಲೆ ನಮ್ಮ ಪಾದಗಳ ಲೆಕ್ಕ ಹೀಗೆ ಕಾಗದಕ್ಕೆ ಬಂದದ್ದನ್ನು ಓದಿದಾಗ, ಒದ್ದೆ ಕಾಗದ ತುರುಕಿ ಬೂಟು ಹಿಗ್ಗಿಸುತ್ತಿದ್ದ ತಾತನ ನೆನಪಾಯಿತು.

ಆಂಬೂರಿಗೆ ಹೋಗಿ ನೋಡು ಎಂದವರು ಚಿಕ್ಕಮ್ಮ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಚೆನ್ನೈ ಕಡೆಯ ರೈಲು ಹತ್ತಿದರೆ ಕುಪ್ಪಂ, ಜೋಲಾರ್‌ಪೇಟೆ, ವಾಣಿಯಂಬಾಡಿ, ಆಮೇಲೆ ಆಂಬೂರು. ಕರ್ನಾಟಕ, ಆಂಧ್ರ, ತಮಿಳುನಾಡು ಮೂರನ್ನೂ ಒಂದೇ ಬೆಳಿಗ್ಗೆ ದಾಟಿಸುವ ದಾರಿ. ಈ ದಾರಿಯಲ್ಲಿ ರೈಲಿಗಿಂತ ಮೊದಲೇ ಹರಿದವಳು ಪಾಲಾರ್. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಕರ್ನಾಟಕದಲ್ಲಿ 93 ಕಿ.ಮೀ. ಹರಿದು, ಬೇತಮಂಗಲದ ಕೆರೆ ತುಂಬಿಸಿ ಆಂಧ್ರಕ್ಕೆ ಇಳಿಯುತ್ತಾಳೆ. ಬೇತಮಂಗಲದಿಂದಲೇ ಚಿನ್ನದ ಗಣಿಗಳಿಗೂ, ಗಣಿಯ ಊರುಗಳಿಗೂ ನೀರು ಹೋಗುತ್ತಿತ್ತು. ಅದೇ ಹೊಳೆಯ ಕೆಳದಂಡೆಯಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಚರ್ಮ ಹದ ಮಾಡುವ ಕೈಗಾರಿಕೆ ಬೆಳೆಯಿತು. ನಮ್ಮ ದೇಶದಿಂದ ಹೊರಕ್ಕೆ ಹೋಗುವ ತೊಗಲಿನ ಶೂಗಳಲ್ಲಿ ದೊಡ್ಡ ಪಾಲು ಈ ಸಾಲಿನ ಊರುಗಳದು.

ಈ ಹೊಳೆ ಕೊಟ್ಟ ಬೆಲೆಯನ್ನು ಹೇಳದೆ ಆಂಬೂರಿನ ಶೂಗಳ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ. ಚರ್ಮ ಹದ ಮಾಡಿದ ಉಪ್ಪು, ಕ್ರೋಮಿಯಂ ತುಂಬಿದ ನೀರು ಪಾಲಾರಿಗೂ ಸುತ್ತಲ ಹೊಲಗಳಿಗೂ ಹರಿದು ಬಾವಿಗಳು ಕೆಟ್ಟವು. ವೆಲ್ಲೂರು ನಾಗರಿಕರ ಹಿತರಕ್ಷಣಾ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ತೀರ್ಪು ಕೆಡಿಸಿದವರೇ ದಂಡ ತೆರಬೇಕು, ಹಾನಿ ಆಗುವ ಮೊದಲೇ ತಡೆಯಬೇಕು ಎಂಬ ತತ್ವಗಳನ್ನು ನಮ್ಮ ಕಾನೂನಿನೊಳಗೆ ತಂದಿತು. ಇವತ್ತಿಗೂ ದೇಶದ ಪರಿಸರದ ಮೊಕದ್ದಮೆಗಳಲ್ಲಿ ಈ ತೀರ್ಪನ್ನು ಉಲ್ಲೇಖಿಸುತ್ತಾರೆ. ಹಾಗಾಗಿ ನಾನು ಒಂದು ನಿರ್ಧಾರ ಮಾಡಿಕೊಂಡೆ: ತೊಗಲಿನ ಬೂಟು ಕೊಂಡರೆ ಅದು ಹಲವು ವರ್ಷ ಬಾಳಬೇಕು, ಹರಿದರೆ ಹೊಲಿಯುವಂತಿರಬೇಕು, ಅಟ್ಟೆ ಸವೆದರೆ ಬದಲಿಸುವಂತಿರಬೇಕು. ವರ್ಷಕ್ಕೊಂದು ಬಿಸಾಡುವ ಬೂಟಿಗೆ ಅಷ್ಟು ನೀರು ಕೊಡಲಾಗದು.

ಆಂಬೂರಿನ ಹೆದ್ದಾರಿಯ ಬದಿಗೆ, ಪೇಟೆಯ ಒಳಗೆ ಶೂ ಅಂಗಡಿಗಳು ಸಾಲಾಗಿವೆ. ಹೊರದೇಶದ ಆರ್ಡರಿನಲ್ಲಿ ಮಿಕ್ಕದ್ದು, ಹೊಲಿಗೆಯಲ್ಲೋ ಬಣ್ಣದಲ್ಲೋ ಸಣ್ಣ ಕೊರತೆಯಿಂದ ಹಿಂದೆ ಸರಿದದ್ದು ಅಲ್ಲಿಗೆ ಬರುತ್ತದೆ. ಆಫೀಸಿನ ಶೂಗಳೇ ಹೆಚ್ಚು. ನಡಿಗೆಯ ಬೂಟು ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಸಂಜೆಯವರೆಗೂ ಕಾದು ಅಳತೆ ನೋಡಿದೆ, ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಟ್ಟದ ಮೇಲೂ ಪಾದ ಅಷ್ಟೇ ಊದುತ್ತದೆ. ಬೆಟ್ಟಕ್ಕೆ ಹಾಕುವ ದಪ್ಪ ಕಾಲುಚೀಲಗಳನ್ನೇ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಅವು ಹತ್ತಿಯವಲ್ಲ, ಹತ್ತಿ ಬೆವರು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಉಣ್ಣೆ ಬೆರೆತದ್ದು ಬೇಗ ಒಣಗುತ್ತದೆ. ಲೇಸು ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿ ಹಿಂದೆ ತೋರುಬೆರಳು ಇಳಿಯುತ್ತದೆಯೇ ನೋಡುವುದು. ಕಟ್ಟಿದ ಮೇಲೆ ಬೆರಳುಗಳನ್ನು ಒಳಗೇ ಆಡಿಸುವುದು. ಅಂಗಡಿಯ ಮೆಟ್ಟಿಲಿಳಿದು ರಸ್ತೆಗೆ ಸೇರುವ ಕಡೆ ಒಂದು ಇಳಿಜಾರಿತ್ತು. ಅದರಲ್ಲಿ ಹತ್ತಿ ಇಳಿದೆ, ಕಾಲೂರಿ ದಬದಬ ಹೆಜ್ಜೆ ಹಾಕಿದೆ. ಅಂಗಡಿಯ ಹುಡುಗ ಬೇಸರಿಸದೆ ಒಂದಾದ ಮೇಲೊಂದು ಡಬ್ಬಿ ತೆರೆದ.

ಕೊನೆಗೆ ಒಪ್ಪಿದ್ದು ಗಂಡಸರ ಸಾಲಿನಲ್ಲಿದ್ದ ಚಿಕ್ಕ ಸೈಜಿನದು. ಹರಡಿನವರೆಗೆ ಬರುವ ಒರಟು ತೊಗಲು, ಪಕ್ಕದಲ್ಲಿ ಗಾಳಿಯಾಡುವ ಬಟ್ಟೆ, ಒಳಗೆ ಪೊರೆಯಿಲ್ಲ, ಮುಂದೆ ಕಲ್ಲಿಗೆ ತಾಗಿದರೂ ಸವೆಯದ ರಬ್ಬರಿನ ಪಟ್ಟಿ. ಮುಂಭಾಗ ಧಾರಾಳ ಅಗಲ. ಹಿಮ್ಮಡಿ ಮಾತ್ರ ಚೂರು ಸಡಿಲ.

ಆ ಸಡಿಲವನ್ನು ಸರಿಮಾಡಿದವರು ರಾಬರ್ಟ್‌ಸನ್‌ಪೇಟೆಯ ರಸ್ತೆ ಬದಿಯಲ್ಲಿ ಕುಳಿತು ಕೆಲಸ ಮಾಡುವ ಅಣ್ಣ. ಬೂಟಿನ ನಾಲಿಗೆಯ ಒಳಬದಿಗೆ ಮೆತ್ತನೆಯ ಒಂದು ತುಂಡು ಹೊಲಿದರು. ಅದರಿಂದ ಪಾದ ಹಿಂದಕ್ಕೆ ಸರಿದು ಹಿಮ್ಮಡಿ ತನ್ನ ಗುಂಡಿಯಲ್ಲಿ ಕೂತಿತು. ಬೆರಳಿನ ಜಾಗ ಹಾಗೇ ಉಳಿಯಿತು. ಹಿಮ್ಮಡಿಯ ಕಡೆಗೇ ಪ್ಯಾಡು ಹಾಕಿ ಎಂದಿದ್ದೆ. “ಬೇಡಕ್ಕ, ಅಲ್ಲಿ ಹಾಕಿದ್ರೆ ಕಾಲು ಮುಂದೆ ಹೋಗಿ ಇಳಿಜಾರಲ್ಲಿ ಬೆರಳು ಹೊಡೀತದೆ” ಎಂದರು. ಅಟ್ಟೆಯ ಸುತ್ತ ಅಂಟಿನ ಮೇಲೆ ಇನ್ನೊಂದು ಸಾಲು ಹೊಲಿಗೆ ಹಾಕಿಸಿಕೊಂಡೆ. ಅವರ ಪೆಟ್ಟಿಗೆಯ ಪಕ್ಕ, ಯಾರೋ ತಂದ ಹೊಸದರಂತೆಯೇ ಕಾಣುವ ಟ್ರೆಕಿಂಗ್ ಶೂ ಇತ್ತು. ಅಟ್ಟೆ ಮುಟ್ಟಿದರೆ ಪುಡಿಪುಡಿ. ಅಟ್ಟೆಯ ನಡುಪದರಕ್ಕೆ ಬಳಸುವ ಪಾಲಿಯುರೆಥೇನ್ ಗಾಳಿಯ ತೇವದಿಂದ ವರ್ಷಗಳ ಮೇಲೆ ತಾನಾಗಿ ಒಡೆಯುತ್ತದೆ; ಉಪಯೋಗಿಸದೆ ಡಬ್ಬಿಯಲ್ಲಿ ಮುಚ್ಚಿಟ್ಟರಂತೂ ಇನ್ನೂ ಬೇಗ. ಒಳ್ಳೆಯ ಬೂಟನ್ನು ಜೋಪಾನವಾಗಿ ಎತ್ತಿಡುವ ನಮ್ಮ ಮನೆಗಳ ಅಭ್ಯಾಸ ಈ ವಸ್ತುವಿಗೆ ಹಿಡಿಸುವುದಿಲ್ಲ. ನಡೆಯುತ್ತಿದ್ದರೇ ಅದು ಚೆನ್ನ.

ಹೊಸ ಬೂಟನ್ನು ಮೊದಲು ಊರೊಳಗೇ ಪಳಗಿಸಿದೆ. ಮಾರಿಕುಪ್ಪಂ ರಸ್ತೆ, ಆಂಡರ್ಸನ್‌ಪೇಟೆ, ಊರ್ಗಾಂ, ಸಂಜೆಯ ಹೊತ್ತಿನ ನಡಿಗೆಗಳು. ಅಷ್ಟಾದ ಮೇಲೆ ಅಂತರಗಂಗೆ.

ತಾತನ ಮೊಮ್ಮಗಳು, ಬಿ.ಎಸ್ಸಿ ಓದುವ ಹುಡುಗಿ, ತಾನೂ ಬರುತ್ತೇನೆಂದಳು. ಕೋಲಾರ ಪೇಟೆಯ ಪಕ್ಕದಲ್ಲೇ ಎದ್ದಿರುವ ಶತಶೃಂಗ ಸಾಲಿನ ಬೆಟ್ಟವಿದು. ಕಾಶಿ ವಿಶ್ವೇಶ್ವರನ ಗುಡಿಯವರೆಗೆ ಮೆಟ್ಟಿಲು. ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುತ್ತದೆ. ಆ ಒಣ ಬೆಟ್ಟದಲ್ಲಿ ಆ ನೀರು ಎಲ್ಲಿಂದ ಬರುತ್ತದೆ ಎಂದು ಬಂದವರೆಲ್ಲ ಒಂದು ಸಲ ನಿಂತು ಮೇಲೆ ನೋಡುತ್ತಾರೆ. ಗುಡಿ ದಾಟಿದ ಮೇಲೆ ಮೆಟ್ಟಿಲಿಲ್ಲ. ಆನೆಗಾತ್ರದ ಗುಂಡುಗಳು ಒಂದರ ಮೇಲೊಂದು ಒರಗಿ ನಿಂತು, ನಡುವೆ ಸಂದು, ಸಂದಿನೊಳಗೆ ಗವಿ. ಒಂದು ಕಡೆ ತೆವಳಬೇಕು, ಇನ್ನೊಂದು ಕಡೆ ಎರಡು ಬಂಡೆಗೆ ಎರಡು ಕಾಲು ಒತ್ತಿ ಮೇಲೇರಬೇಕು.

ಬೂಟಿನ ಅಟ್ಟೆಯ ನಿಜವಾದ ಪರೀಕ್ಷೆ ಇಲ್ಲಿ. ಆಲ್ಪ್ಸ್ ಪರ್ವತಗಳಲ್ಲಿ ಹಿಂದೆ ಮೊಳೆ ಹೊಡೆದ ತೊಗಲಿನ ಅಟ್ಟೆಗಳಿದ್ದವು. ಬಂಡೆಯ ಬುಡಕ್ಕೆ ಬಂದಾಗ ಅವನ್ನು ಕಳಚಿ ತೆಳುವಾದ ಶೂ ತೊಟ್ಟು ಹತ್ತುವುದು ರೂಢಿ. 1935ರಲ್ಲಿ ಇಟಲಿಯ ವಿತಾಲೆ ಬ್ರಮಾನಿ ಅವರ ತಂಡ ಹಾಗೆ ಹತ್ತಿ, ಹಿಮಗಾಳಿಗೆ ಸಿಕ್ಕಿ ಆರು ಜನ ಸತ್ತರು. ಬಂಡೆಗೂ ಹಿಮಕ್ಕೂ ಒಂದೇ ಬೂಟು ಸಾಕಾಗಬೇಕು ಎಂದು ಬ್ರಮಾನಿ ಹಠ ಹಿಡಿದು, ಟೈರಿನ ಪಿರೆಲ್ಲಿ ಕಂಪನಿಯ ನೆರವಿನಿಂದ ಗುಬುಟುಗಳಿರುವ ರಬ್ಬರ್ ಅಟ್ಟೆಯನ್ನು 1937ರಲ್ಲಿ ತಂದರು. ಅವರ ಹೆಸರಿನ ತುಣುಕುಗಳಿಂದಲೇ ವಿಬ್ರಮ್ ಎಂಬ ಹೆಸರು ಬಂತು. ಇಂದು ಅಂಗಡಿಯ ಗೋಡೆಯಲ್ಲಿ ಕಾಣುವ ಅಷ್ಟೂ ಬೂಟುಗಳ ಅಟ್ಟೆ ಆ ಸಾವುಗಳಿಂದ ಹುಟ್ಟಿದ ವಿಚಾರದ ಸಂತತಿ.

ಆದರೆ ಆಲ್ಪ್ಸ್‌ನ ಹಿಮ, ಕೆಸರಿಗೆ ಒಪ್ಪುವ ಆಳವಾದ ಗುಬುಟು ಕೋಲಾರದ ಬಂಡೆಗೆ ಅಷ್ಟೇನೂ ಒಪ್ಪುವುದಿಲ್ಲ. ಇಲ್ಲಿ ಕೆಸರಿಲ್ಲ, ಒರಟಾದ, ಒಣಗಿದ, ಬಿಸಿಲಿಗೆ ಕಾದ ಕಲ್ಲು. ಅದಕ್ಕೆ ಹೆಚ್ಚು ರಬ್ಬರು ತಾಗಬೇಕು, ರಬ್ಬರು ಮೆದುವಾಗಿರಬೇಕು, ಗುಬುಟು ಆಳವಿಲ್ಲದೆ ಅಗಲವಾಗಿರಬೇಕು. ಗುಂಡಿನ ಇಳಿಜಾರಿನಲ್ಲಿ ಅಂಚಿನ ಮೇಲಲ್ಲ, ಇಡೀ ಅಟ್ಟೆಯನ್ನು ಮಟ್ಟವಾಗಿ ಊರಿ ನಿಂತರೆ ಹಿಡಿತ ಸಿಗುತ್ತದೆ. ಬಂಡೆಯ ಮೇಲೆ ಉದುರಿದ ಮರಳು ಹರಳುಗಳಿದ್ದರೆ ಮಾತ್ರ ಯಾವ ಅಟ್ಟೆಯೂ ಕಾಪಾಡದು. ಅಲ್ಲಿ ಮೊದಲು ಕಾಲಿನಿಂದ ಗುಡಿಸಿ ಆಮೇಲೆ ಭಾರ ಹಾಕಬೇಕು. ಹತ್ತುವಾಗ ನನ್ನ ಹಿಮ್ಮಡಿ ಮಿಸುಕಲಿಲ್ಲ. ಇಳಿಯುವ ಮೊದಲು ಕುಳಿತು, ಮೇಲಿನ ಕೊಕ್ಕೆಗಳ ಬಳಿ ಲೇಸನ್ನು ಎರಡು ಸುತ್ತು ಹೊಸೆದು ಬಿಗಿದುಕೊಂಡೆ. ಪಾದ ಮುಂದಕ್ಕೆ ಜಾರದಂತೆ ಹರಡಿನ ಮಡಿಕೆಯಲ್ಲೇ ಹಿಡಿದು ನಿಲ್ಲಿಸುವ ಕಟ್ಟು ಅದು. ಬೆರಳುಗಳೂ ಸುಮ್ಮನಿದ್ದವು.

ಹುಡುಗಿಯ ಸ್ಥಿತಿ ಬೇರೆಯಿತ್ತು. ಅವಳು ತೊಟ್ಟಿದ್ದು ಅಣ್ಣನ ಕ್ರೀಡಾ ಶೂ, ಮುಂದೆ ಬಟ್ಟೆ ತುರುಕಿದ್ದಳು. ಚುರುಕಾದ ಕಾಲು, ನನಗಿಂತ ಎಷ್ಟೋ ಸಲೀಸಾಗಿ ಬಂಡೆ ಹಾರುತ್ತಿದ್ದಳು. ಇಳಿಯುವಾಗ ಮಾತ್ರ ಪ್ರತಿ ಹೆಜ್ಜೆಗೂ ಶೂ ಒಂದು ಕಡೆ, ಪಾದ ಒಂದು ಕಡೆ. ಅರ್ಧ ದಾರಿಯಲ್ಲಿ ಕಳಚಿ ಲೇಸುಗಳನ್ನು ಗಂಟು ಹಾಕಿ ಹೆಗಲಿಗೆ ಹಾಕಿಕೊಂಡಳು. “ಇದೇ ವಾಸಿ ಅಕ್ಕಾ” ಎಂದು ಬರಿಗಾಲಲ್ಲಿ ಮುಂದೆ ನಡೆದಳು.

ಬರಿಗಾಲಿನ ವಿಷಯ ಆವಣಿಯಲ್ಲಿ ಇನ್ನೊಂದು ಬಗೆಯಲ್ಲಿ ಎದುರಾಯಿತು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮುಚ್ಚಯ, ಬೆಟ್ಟದ ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆಯಿಂದ ಜನ ಹತ್ತುತ್ತಾರೆ. ಮಡಿಲಲ್ಲಿ ಹರಕೆ ಕಟ್ಟಿಕೊಂಡ ಹೆಂಗಸರು, ಎಳೆ ಮಕ್ಕಳನ್ನು ಎತ್ತಿಕೊಂಡ ಅಜ್ಜಿಯರ ಕಾಲಲ್ಲಿ ಏನೂ ಇಲ್ಲ, ಆದರೂ ಅವರ ಹೆಜ್ಜೆ ತಪ್ಪುವುದಿಲ್ಲ. ಅಂಗಾಲಿನ ದಪ್ಪ ಚರ್ಮ ನೆಲದ ಸ್ಪರ್ಶವನ್ನು ಮಂಕು ಮಾಡುವುದಿಲ್ಲ ಎಂದು ಕೀನ್ಯಾದ ಬರಿಗಾಲ ಜನರನ್ನು ಅಳೆದ ಸಂಶೋಧಕರು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಶೂವಿನ ದಪ್ಪ ಅಟ್ಟೆ ಕಾಪಾಡುತ್ತದೆ, ಜೊತೆಗೆ ನೆಲದ ಸುದ್ದಿಯನ್ನು ಮುಚ್ಚಿಡುತ್ತದೆ; ಗಟ್ಟಿಯಾದ ಅಂಗಾಲು ಕಾಪಾಡುತ್ತಲೇ ನೆಲವನ್ನು ತಿಳಿಸುತ್ತದೆ. ಆವಣಿಯ ಅಜ್ಜಿಯರ ಪಾದಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಹಾಗೆಂದು ಬರಿಗಾಲನ್ನು ಕೊಂಡಾಡಿ ಕೈಬಿಡಲು ನನ್ನಿಂದಾಗದು. ಭಕ್ತಿಯಿಂದ ಕಳಚಿದ ಚಪ್ಪಲಿ ಬೇರೆ, ಇಲ್ಲದ ಚಪ್ಪಲಿ ಬೇರೆ. ಚೂಪುಗಲ್ಲಿನ ಗಣಿಯೊಳಗೆ ಬರಿಗಾಲಲ್ಲಿ ಇಳಿದವರು ನೆಲದ ಸ್ಪರ್ಶಕ್ಕಾಗಿ ಇಳಿಯಲಿಲ್ಲ. ಹೆಗಲಿಗೆ ಶೂ ಹಾಕಿಕೊಂಡು ಇಳಿದ ಹುಡುಗಿಯೂ ಅದಕ್ಕಾಗಿ ಇಳಿಯಲಿಲ್ಲ.

ನಮ್ಮ ಬೆಟ್ಟಗಳಿಗೆ ಹೋಗುವವರಿಗೆ ಒಂದು ಮಾತು: ತುದಿಯಲ್ಲಿ ಒಬ್ಬ ದೇವರಿರುವುದು ಹೆಚ್ಚುಕಡಿಮೆ ಖಚಿತ, ಅಲ್ಲಿ ಬೂಟು ಕಳಚಲೇಬೇಕು. ಬೇಗ ಬಿಚ್ಚಿ ಬೇಗ ಕಟ್ಟಲು ಬರುವ ಕೊಕ್ಕೆಗಳಿರುವ ಬೂಟನ್ನೇ ಆರಿಸಿ. ಕಳಚಿದ ಹೊತ್ತಿನಲ್ಲಿ ಕಾಲುಚೀಲ ತೆಗೆದು ಬಂಡೆಯ ಮೇಲೆ ಹರವಿದರೆ ಪೂಜೆ ಮುಗಿಯುವಷ್ಟರಲ್ಲಿ ಒಣಗಿರುತ್ತದೆ, ಪಾದಕ್ಕೂ ಗಾಳಿ ಸಿಗುತ್ತದೆ. ಬೊಬ್ಬೆ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಬಂಡೆ ಕಾದಿರುತ್ತದೆ, ಹಾಗಾಗಿ ಹತ್ತು ಗಂಟೆಯೊಳಗೆ ತುದಿ ಸೇರುವುದು ಒಳ್ಳೆಯದು.

ಆವಣಿಯಿಂದ ಬಂದ ಸಂಜೆ ತಾತನ ಮನೆಯ ಜಗಲಿಯ ಮೇಲೆ ಒಂದು ದೊಡ್ಡ ಹಾಳೆ ಹಾಸಿದೆವು. ಹುಡುಗಿ ಎರಡು ಕಾಲಿಗೂ ಸಮ ಭಾರ ಹಾಕಿ ನಿಂತಳು. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದವರು ತಾತ. ಬೆರಳ ಬುಡದ ಅಗಲ, ಅಲ್ಲಿಯ ಸುತ್ತಳತೆ, ಉದ್ದನೆಯ ಬೆರಳಿನಿಂದ ಹಿಮ್ಮಡಿಯವರೆಗಿನ ದೂರ, ಎಲ್ಲವನ್ನೂ ಟೇಪಿನಲ್ಲಿ ಅಳೆದು ಬರೆದೆ. ಬಲಗಾಲು ಎಡಕ್ಕಿಂತ ಚೂರು ದೊಡ್ಡದು. ಉದ್ದಕ್ಕೆ ಹೆಂಗಸರ ಮೂರರ ಸೈಜು, ಅಗಲಕ್ಕೆ ಐದರದು. ಆಂಬೂರಿನ ಅಂಗಡಿಗೆ ಫೋನು ಮಾಡಿ ಅಳತೆ ಹೇಳಿದೆ. ಆ ಉದ್ದಕ್ಕೆ ಆ ಅಗಲದ ನಡಿಗೆಯ ಬೂಟು ತಮ್ಮಲ್ಲಿಲ್ಲ, ಬರುವುದೂ ಅಪರೂಪ, ಮಕ್ಕಳ ಸಾಲಿನಲ್ಲಿ ನೋಡಿ ಎಂದರು. ಮಕ್ಕಳ ಬೂಟಿನ ಅಟ್ಟೆ ಅಂತರಗಂಗೆಗೆ ಸಾಲದು.

ಹಾಳೆಯನ್ನು ರಾಬರ್ಟ್‌ಸನ್‌ಪೇಟೆಯ ಅಣ್ಣನ ಬಳಿ ತೆಗೆದುಕೊಂಡು ಹೋದೆವು. ಅವರು ಗೆರೆಯ ಮೇಲೆ ತಮ್ಮ ಅಂಗೈ ಇಟ್ಟು ನೋಡಿ, ಬೆಂಗಳೂರಿನಲ್ಲಿ ಮರದ ಕಾಲಚ್ಚು ಕೆತ್ತುವ ಪರಿಚಯದವರಿದ್ದಾರೆ, ಅಚ್ಚು ಸಿಕ್ಕರೆ ಮೇಲ್ಭಾಗವನ್ನು ತಾವೇ ಹೊಲಿಯಬಲ್ಲೆ, ಅಟ್ಟೆಗೆ ಮಾತ್ರ ಒಳ್ಳೆ ರಬ್ಬರ್ ಹಾಳೆ ತರಿಸಬೇಕು ಎಂದರು. ಎಷ್ಟಾಗಬಹುದು ಎಂದು ಹುಡುಗಿ ಕೇಳಿದಳು. ಲೆಕ್ಕ ಹಾಕಿ ಸೋಮವಾರ ಹೇಳುತ್ತೇನೆ, ಮುಂಗಡ ಈಗ ಬೇಡ, ಬರುವಾಗ ಬೆಟ್ಟಕ್ಕೆ ಹಾಕುವ ಕಾಲುಚೀಲ ತೊಟ್ಟುಕೊಂಡೇ ಬಾ, ಅದರ ಮೇಲೆ ಇನ್ನೊಂದು ಸಲ ಅಳೆಯಬೇಕು ಎಂದರು.